ಕುತೂಹಲದ ಋಣ

ಪತ್ತೇದಾರಿ ಕಾದಂಬರಿಯ ಹೆಸರೆತ್ತಿದರೆ ಮೂಗು ಮುರಿಯುವ ಸಾಹಿತ್ಯಾಭಿಮಾನಿಗಳು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಕೆಲವರಾದರೂ ಹುಡುಗರಾಗಿದ್ದಾಗ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟು ಓದಿದವರೇ ಎಂಬುದು ಬೇರೆ ಮಾತು. ನೂರಾರು ಕಾದಂಬರಿಗಳನ್ನು ಬರೆದ ಆ ಮಹನೀಯರು ಎಷ್ಟೋ ಮಂದಿಗೆ ಕನ್ನಡ ಓದುವ ಚಟ ಹತ್ತಿಸಿದರು. ‘ಮುಂದೇನಾಯಿತು?’ ಎಂದು ಕೇಳುವುದು ಪಾಪವಲ್ಲ. ಅಜ್ಜಿಯ ತೊಡೆಯ ಮೇಲೆ ಕುಳಿತು ನಾವೆಲ್ಲ ಮೊದಲು ಕೇಳಿದ ವಿಮರ್ಶೆಯ ಪ್ರಶ್ನೆಯೇ ಅದು.

ಆದರೆ ಓದುಗನ ಕುತೂಹಲ ಕೆರಳಿಸಿದ ಲೇಖಕ ಅವನಿಂದ ಸಾಲ ತೆಗೆದುಕೊಂಡಂತೆ. ಎರಡು ರಾತ್ರಿಯ ನಿದ್ದೆಯನ್ನು ಅವನು ಕಡ ಪಡೆದಿದ್ದಾನೆ. ಆ ಋಣವನ್ನು ಯಾವ ನಾಣ್ಯದಲ್ಲಿ ತೀರಿಸುತ್ತಾನೆ? ಅಪರಾಧದ ಕಥೆಯಿರಲಿ, ರೋಚಕ ಕಥೆಯಿರಲಿ, ಐತಿಹಾಸಿಕ ಕಾದಂಬರಿಯಿರಲಿ, ನಾನು ಹಿಡಿಯುವ ಅಳತೆಗೋಲು ಇದೊಂದೇ.

ಸಾಮಾನ್ಯ ಪತ್ತೇದಾರಿ ಕಥೆ ಕೊಲೆಗಾರನ ಹೆಸರು ಹೇಳಿ ಲೆಕ್ಕ ಚುಕ್ತಾ ಮಾಡುತ್ತದೆ. ಅದರಲ್ಲಿ ಮೋಸವಿಲ್ಲ, ಆದರೆ ಉಳಿತಾಯವೂ ಇಲ್ಲ. ಪೂರ್ಣಚಂದ್ರ ತೇಜಸ್ವಿಯವರು ೧೯೮೫ರ ‘ಚಿದಂಬರ ರಹಸ್ಯ’ದಲ್ಲಿ ಬೇರೆ ದಾರಿ ಹಿಡಿದರು. ಏಲಕ್ಕಿ ಬೆಳೆಯ ಸುತ್ತಲಿನ ರಹಸ್ಯವನ್ನು ಭೇದಿಸಲು ಗುಪ್ತಚರ ಅಧಿಕಾರಿ ಅಂಗಾಡಿ ಕೆಸರೂರಿಗೆ ಬರುತ್ತಾನೆ. ಅವನು ಸುಳಿವು ಹುಡುಕುತ್ತಿದ್ದಂತೆ ಜಾತಿ, ಕಾಡಿನ ಲೂಟಿ, ಸಂಶೋಧನಾ ಕೇಂದ್ರದ ಒಳಜಗಳ ಎಲ್ಲವೂ ಹೊರಬೀಳುತ್ತವೆ. ಕೊನೆಗೆ ಊರೇ ಬೆಂಕಿಗೆ ಸಿಕ್ಕಾಗ ಅಪರಾಧಿ ಯಾರೆಂಬ ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ೨೦೨೧ರಲ್ಲಿ ಬಂದ ವಿವೇಕ ಶಾನಭಾಗರ ‘ಸಕೀನಾಳ ಮುತ್ತು’ ಕೂಡ ಈ ಸಾಲಿನದೇ. ಮಗಳನ್ನು ಕೇಳಿಕೊಂಡು ಅಪರಿಚಿತ ಹುಡುಗರು ಮನೆಯ ಬಾಗಿಲಿಗೆ ಬರುತ್ತಾರೆ. ಅಲ್ಲಿಂದ ಮುಂದೆ ಓದುಗ ಪುಸ್ತಕ ಕೆಳಗಿಡಲಾರ. ಕೊನೆಗೂ ಬೀಗ ಪೂರ್ತಿ ತೆರೆಯುವುದಿಲ್ಲ ಎಂದು ಗೊಣಗುವವರಿದ್ದಾರೆ. ಆದರೆ ಆ ತಂದೆಗೆ ತನ್ನ ಮನೆಯೇ ಗೊತ್ತಿಲ್ಲವೆಂಬ ಸಂಗತಿ ನಮಗೆ ಗೊತ್ತಾಗುತ್ತದಲ್ಲ, ಅದೇ ಸಂದಾಯ.

ಐತಿಹಾಸಿಕ ಕಾದಂಬರಿಕಾರನ ಕಷ್ಟ ಇನ್ನೂ ದೊಡ್ಡದು. ಕೊನೆ ಏನೆಂಬುದು ಓದುಗನಿಗೆ ಮೊದಲೇ ಗೊತ್ತು. ತ.ರಾ.ಸು. ಅವರು ೧೯೮೨ರ ಕಾದಂಬರಿಗೆ ‘ದುರ್ಗಾಸ್ತಮಾನ’ ಎಂದೇ ಹೆಸರಿಟ್ಟರು. ರಹಸ್ಯವನ್ನು ರಕ್ಷಾಪುಟದ ಮೇಲೆಯೇ ಬಿಟ್ಟುಕೊಟ್ಟರು. ೧೭೭೯ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾಯಿತೆಂದು ಶಾಲೆಯ ಹುಡುಗನೂ ಬಲ್ಲ. ಆದರೂ ಮದಕರಿನಾಯಕ ಗೆದ್ದಾನೆಂಬ ಆಸೆಯಿಂದ ಪುಟ ತಿರುವುತ್ತೇವೆ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದಲ್ಲೂ ಹಾಗೆಯೇ. ೧೮೩೪ರಲ್ಲಿ ಕೊಡಗು ಇಂಗ್ಲಿಷರ ಪಾಲಾದದ್ದು ನಮಗೆ ತಿಳಿದದ್ದೇ. ಹೇಗೆ, ಯಾರ ಯಾರ ದೌರ್ಬಲ್ಯದಿಂದ ಎಂಬುದನ್ನು ತಿಳಿಯಲು ಓದುತ್ತೇವೆ.

ಈಚಿನ ವರ್ಷಗಳಲ್ಲಿ ಈ ಎರಡೂ ಬಗೆಗಳನ್ನು ಬೆರೆಸಿದ ಕಾದಂಬರಿಗಳು ಜನಪ್ರಿಯವಾಗಿವೆ. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರು ಇದರ ಪ್ರಮುಖರು. ಶಿಲ್ಪ, ಶಾಸನ, ಹಳೆಯ ನಿಧಿಗಳ ಸುತ್ತ ಬೆನ್ನಟ್ಟುವ ಕಥೆ, ಜೊತೆಗೆ ಚಿತ್ರಗಳು, ಅಡಿಟಿಪ್ಪಣಿಗಳು. ಅವರ ‘ಕನಕ ಮುಸುಕು’ ಹೊಯ್ಸಳ ಶಿಲ್ಪಗಳ ಕೈಯಲ್ಲಿ ಕಾಣುವ ಮುಸುಕಿನ ಜೋಳದಂಥ ವಸ್ತುವಿನಿಂದ ಕುತೂಹಲ ಹುಟ್ಟಿಸುತ್ತದೆ. ಅಮೆರಿಕದ ಬೆಳೆಯಾದ ಜೋಳ, ಕೊಲಂಬಸನಿಗಿಂತ ಮೊದಲೇ, ಹದಿಮೂರನೆಯ ಶತಮಾನದ ಸೋಮನಾಥಪುರಕ್ಕೆ ಹೇಗೆ ಬಂತು? ಈ ಪ್ರಶ್ನೆ ಕಾದಂಬರಿಕಾರರ ಕಲ್ಪನೆಯಲ್ಲ. ‘ಎಕನಾಮಿಕ್ ಬಾಟನಿ’ ಪತ್ರಿಕೆಯಲ್ಲಿ ೧೯೮೯ರಲ್ಲಿ ಜೊಹಾನೆಸನ್ ಮತ್ತು ಪಾರ್ಕರ್ ಎಂಬ ವಿದ್ವಾಂಸರು ಅದು ಜೋಳದ ತೆನೆಯೇ ಎಂದು ವಾದಿಸಿದರು. ೧೯೯೩ರಲ್ಲಿ ಅದೇ ಪತ್ರಿಕೆಯಲ್ಲಿ ಪಾಯಕ್ ಮತ್ತು ಸಚಾನ್ ಅವರು ಅಲ್ಲವೇ ಅಲ್ಲ ಎಂದು ಉತ್ತರ ಕೊಟ್ಟರು.

ಗುಡಿಯ ಗೋಡೆಯನ್ನು ಕಣ್ಣಿಟ್ಟು ನೋಡುವ ಅಭ್ಯಾಸವನ್ನು ಓದುಗರಿಗೆ ಮಾಡಿಸುವ ಗಣೇಶಯ್ಯನವರ ಉಪಕಾರ ಸಣ್ಣದಲ್ಲ. ನನ್ನ ತಕರಾರು ವೇಗದ ಬಗ್ಗೆ. ಬೆನ್ನಟ್ಟುವ ಕಥೆಯಲ್ಲಿ ಸಾಕ್ಷ್ಯವನ್ನು ತೂಗಿ ನೋಡಲು ಪುರಸೊತ್ತಿಲ್ಲ. ಅಡಿಟಿಪ್ಪಣಿ ಕಂಡ ಕೂಡಲೇ ಮೇಲಿನ ಕಥೆಯೂ ನಿಜವೆಂದು ನಂಬುತ್ತೇವೆ. ಟಿಪ್ಪಣಿ ಹೇಳುವುದು ಇಂಥ ಶಿಲ್ಪವಿದೆ, ಇಂಥ ಲೇಖನವಿದೆ ಎಂದಷ್ಟೆ. ಪಂಡಿತರು ಒಪ್ಪದ ವಾದವನ್ನು ಹಿಡಿದು ಕಥೆ ಕಟ್ಟುವ ಹಕ್ಕು ಕಾದಂಬರಿಕಾರನಿಗೆ ಖಂಡಿತ ಉಂಟು. ಅದನ್ನು ಇತಿಹಾಸವೆಂದು ಮನೆಗೆ ಒಯ್ಯುವ ಹಕ್ಕು ನಮಗಿಲ್ಲ.

ನಮ್ಮಂಥ ಹೊರನಾಡಿನವರಿಗೆ ಇದು ಬರಿಯ ರುಚಿಯ ಪ್ರಶ್ನೆಯಲ್ಲ. ಮುಂಬಯಿಯ ಶಾಲೆಯಲ್ಲಿ ನಮ್ಮ ಮಕ್ಕಳು ಶಿವಾಜಿಯನ್ನು ಓದುತ್ತಾರೆ, ಅದು ಸಹಜವೇ. ಹೊಯ್ಸಳರು, ಚಿತ್ರದುರ್ಗದ ನಾಯಕರು, ಕೊಡಗಿನ ಅರಸರು ಅವರಿಗೆ ಸಿಗುವುದಾದರೆ ಕಾದಂಬರಿಯಲ್ಲಿಯೇ. ಅದನ್ನು ಸರಿಪಡಿಸಲು ತರಗತಿಯಲ್ಲಿ ಇನ್ನೊಂದು ಪುಸ್ತಕವಿಲ್ಲ. ನಾಡಿನ ಚರಿತ್ರೆಯೆಂದರೆ ಹೂತಿಟ್ಟ ನಿಧಿ, ಅದರ ಬೀಗದಕೈ ಸಿಕ್ಕರೆ ಮುಗಿಯಿತು ಎಂಬ ಭಾವನೆ ಎಳೆಯ ಮನಸ್ಸಿನಲ್ಲಿ ಬೇರೂರಬಾರದು.

ವಸುಧೇಂದ್ರರ ‘ತೇಜೋ-ತುಂಗಭದ್ರಾ’ (೨೦೧೯) ಇದಕ್ಕೆ ಒಳ್ಳೆಯ ಜೊತೆ. ಇಲ್ಲಿಯೂ ಕುತೂಹಲಕ್ಕೆ ಕೊರತೆಯಿಲ್ಲ. ಲಿಸ್ಬನ್ನಿನಿಂದ ಹಣ ಗಳಿಸಲು ಹೊರಟ ಗೇಬ್ರಿಯಲ್ ಮರಳಿ ಬೆಲ್ಲಾಳನ್ನು ಸೇರುವನೇ ಎಂದು ಕಾಯುತ್ತೇವೆ. ಆದರೆ ಕಾದಂಬರಿ ತೀರಿಸುವ ಋಣ ಬೇರೆ. ಅಲ್ಲಿ ಯಹೂದಿಗಳಿಗಾದ ಹಿಂಸೆ, ಇಲ್ಲಿ ಕೃಷ್ಣದೇವರಾಯನ ಕಾಲದ ಲೆಂಕವಾಳಿ ಮತ್ತು ಸಹಗಮನ. ಎರಡು ನದಿಗಳ ದಡದಲ್ಲೂ ಧರ್ಮದ ಹೆಸರಿನಲ್ಲಿ ಬಡವರ ಬದುಕು ಹಿಂಡಿಹೋಗುತ್ತದೆ. ಮುತ್ತು ರತ್ನಗಳನ್ನು ಬೀದಿಯಲ್ಲಿ ಅಳೆದ ಹಂಪೆಯನ್ನಷ್ಟೇ ಬಲ್ಲ ನಮಗೆ ಇದು ಹಿತವಾದ ಓದಲ್ಲ, ಬೇಕಾದ ಓದು. ದೋಷಗಳಿಲ್ಲವೆಂದಲ್ಲ. ಕೆಲವೆಡೆ ಮಾಹಿತಿ ಪಾತ್ರಗಳನ್ನು ತಳ್ಳಿಕೊಂಡು ಮುಂದೆ ಬರುತ್ತದೆ. ಕ್ರೌರ್ಯದ ಮೇಲೆ ಕ್ರೌರ್ಯ ಪೇರಿಸಿದಾಗ ಓದುಗನ ಮನಸ್ಸು ಮರಗಟ್ಟುವುದೂ ಉಂಟು. ಆದರೂ ಪುಸ್ತಕ ಮುಚ್ಚಿದ ಮೇಲೆ ಉಳಿಯುವುದು ಆ ಕಾಲದಲ್ಲಿ ಬದುಕಿದ್ದ ಮನುಷ್ಯರು.

ಆದ್ದರಿಂದ ನನ್ನ ಸಲಹೆ ಇಷ್ಟೆ. ಮಕ್ಕಳ ಕೈಗೆ ‘ಕನಕ ಮುಸುಕು’ ಕೊಡೋಣ, ಸಂತೋಷದಿಂದ ಓದಲಿ. ಮುಗಿಸಿದ ಮೇಲೆ ಊಟದ ಹೊತ್ತಿನಲ್ಲಿ ಒಂದು ಮಾತು ಕೇಳೋಣ: ಇದರಲ್ಲಿ ಕಲ್ಲು ಹೇಳಿದ್ದೆಷ್ಟು, ಕಥೆಗಾರ ಹೇಳಿದ್ದೆಷ್ಟು? ಅದನ್ನು ಬಿಡಿಸಲು ಹೊರಟ ಮಗು ಪತ್ತೇದಾರ ಪುರುಷೋತ್ತಮನಿಗಿಂತ ಚುರುಕಾದೀತು. ಆಮೇಲೆ ‘ದುರ್ಗಾಸ್ತಮಾನ’ವನ್ನು ಅದರ ಮುಂದಿಡೋಣ.