ಅಸ್ತ್ರಕ್ಕೆ ಕುಲ ಗೊತ್ತೇ?

ಫ್ಯಾಂಟಸಿ ಕಾದಂಬರಿಗಳನ್ನು ಓದುವ ನಾಲ್ಕು ಜನ ಹುಡುಗ ಹುಡುಗಿಯರು ಒಂದೆಡೆ ಸೇರಿದರೆ ಮಾತು ಎತ್ತ ಹೋಗುತ್ತದೆ ಎಂದು ಗಮನಿಸಿದ್ದೀರಾ? ಕಥೆ ಹೇಗಿದೆ, ಪಾತ್ರಗಳು ಹೇಗಿವೆ ಎಂಬುದೆಲ್ಲ ಐದು ನಿಮಿಷಕ್ಕೆ ಮುಗಿಯುತ್ತದೆ. ನಿಜವಾದ ಜಗಳ ಶುರುವಾಗುವುದು ಆಮೇಲೆ. ಆ ಲೋಕದಲ್ಲಿ ಮಾಯಾಶಕ್ತಿ ಹೇಗೆ ಕೆಲಸ ಮಾಡುತ್ತದೆ? ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ? ಒಮ್ಮೆ ಬಳಸಿದರೆ ಎಷ್ಟು ಖರ್ಚಾಗುತ್ತದೆ? ಮೂರನೆಯ ಸಂಪುಟದಲ್ಲಿ ಆಗದ ಕೆಲಸ ಐದನೆಯದರಲ್ಲಿ ಹೇಗೆ ಆಯಿತು? ಇದಕ್ಕೆ ಅವರು ಇಟ್ಟುಕೊಂಡಿರುವ ಹೆಸರು ಮ್ಯಾಜಿಕ್ ಸಿಸ್ಟಮ್. ಆ ಲೋಕದ ಪುರಾಣ, ವಂಶಾವಳಿ, ಹಳೆಯ ಯುದ್ಧಗಳ ಒಟ್ಟು ತಿಳಿವಳಿಕೆಗೆ ಲೋರ್ ಎನ್ನುತ್ತಾರೆ.

ಸಾಹಿತ್ಯದ ಗಂಭೀರ ಓದುಗರಿಗೆ ಇದು ಹುಡುಗಾಟಿಕೆಯಾಗಿ ಕಾಣುತ್ತದೆ. ಕಾದಂಬರಿಯನ್ನು ಬಿಟ್ಟು ಅದರ ಯಂತ್ರದ ನಟ್ಟು ಬೋಲ್ಟು ಎಣಿಸುತ್ತಿದ್ದಾರೆ ಎಂಬ ದೂರು. ಆದರೆ ಈ ಎಣಿಕೆಯ ಹಿಂದೆ ಒಂದು ವಿಮರ್ಶೆಯ ತತ್ವವೇ ಇದೆ. ಅಮೆರಿಕದ ಬ್ರ್ಯಾಂಡನ್ ಸ್ಯಾಂಡರ್ಸನ್ 2007ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಅದನ್ನು ಸೂತ್ರವಾಗಿ ಹೇಳಿದರು. ಅದರ ತಾತ್ಪರ್ಯ ಇಷ್ಟು: ಮಾಯೆಯ ನಿಯಮ ಓದುಗನಿಗೆ ಎಷ್ಟು ಗೊತ್ತಿದೆಯೋ ಅಷ್ಟರಮಟ್ಟಿಗೆ ಮಾತ್ರ ಲೇಖಕ ಆ ಮಾಯೆಯಿಂದ ಕಥೆಯ ಗಂಟು ಬಿಡಿಸಬಹುದು. ಮೊದಲು ಹೇಳದ ಮಂತ್ರವೊಂದನ್ನು ಕೊನೆಯ ಪುಟದಲ್ಲಿ ತಂದು ನಾಯಕನನ್ನು ಉಳಿಸಿದರೆ ಅದು ಮೋಸ. ಅವರ ‘ಮಿಸ್ಟ್‌ಬಾರ್ನ್’ (2006) ಕಾದಂಬರಿಯಲ್ಲಿ ಲೋಹದ ಚೂರುಗಳನ್ನು ನುಂಗಿ, ಹೊಟ್ಟೆಯೊಳಗೆ ಅವನ್ನು ‘ಉರಿಸಿ’ ಶಕ್ತಿ ಪಡೆಯುತ್ತಾರೆ. ಒಂದೊಂದು ಲೋಹಕ್ಕೆ ಒಂದೊಂದು ಗುಣ. ಲೋಹ ಮುಗಿದರೆ ಶಕ್ತಿಯೂ ಮುಗಿಯಿತು.

ಈ ಬಗೆಯ ಲೆಕ್ಕಾಚಾರ ನಮ್ಮ ನೆಲಕ್ಕೆ ಹೊಸದೇನಲ್ಲ. ಚಳಿಗಾಲದ ಪಟ್ಟೆತಲೆ ಹೆಬ್ಬಾತುಗಳಿಂದ ಹೆಸರಾದ ಶಿರಹಟ್ಟಿ ತಾಲ್ಲೂಕಿನ ಮಾಗಡಿಯನ್ನೇ ತೆಗೆದುಕೊಳ್ಳಿ. ಒಂದು ಕಡೆ ಗದಗ, ಕುಮಾರವ್ಯಾಸನ ವೀರನಾರಾಯಣನ ಊರು. ಇನ್ನೊಂದು ಕಡೆ ಲಕ್ಷ್ಮೇಶ್ವರ, ಹಳೆಯ ಪುಲಿಗೆರೆ. ಪಂಪ 941ರಲ್ಲಿ ತನ್ನ ಭಾರತವನ್ನು ಮುಗಿಸಿ, ಅದರ ಭಾಷೆ ಪುಲಿಗೆರೆಯ ತಿರುಳ್ಗನ್ನಡ ಎಂದು ಹೇಳಿಕೊಂಡ. ಈ ಸೀಮೆಯ ಜನ ಶತಮಾನಗಳಿಂದ ಭಾರತದ ಕಥೆಯನ್ನು ವಾಚನದಲ್ಲಿ ಕೇಳಿದ್ದಾರೆ, ಬಯಲಾಟದಲ್ಲಿ ನೋಡಿದ್ದಾರೆ. ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಮುಂದೇನಾಯಿತು ಎಂದು ಯಾರೂ ಕೇಳುವುದಿಲ್ಲ. ‘ಅಲ್ರೀ, ಕರ್ಣ ಆ ಬಾಣಾ ಇನ್ನೊಮ್ಮಿ ಯಾಕ ಬಿಡಲಿಲ್ಲ?’ ಎಂದು ಕೇಳುತ್ತಾರೆ. ಇದು ಮ್ಯಾಜಿಕ್ ಸಿಸ್ಟಮಿನ ಪ್ರಶ್ನೆಯಲ್ಲದೆ ಮತ್ತೇನು?

ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಂತೂ ಇಂಥ ಪ್ರಶ್ನೆಗಳೇ ಒಂದು ಕಲೆಯಾಗಿ ಬೆಳೆದವು. ಜಾತ್ರೆಯಲ್ಲಿ ಹರದೇಶಿ ಮತ್ತು ನಾಗೇಶಿ ಎಂಬ ಎರಡು ಪಂಗಡಗಳು ಎದುರುಬದುರು ನಿಂತು ಸವಾಲು ಜವಾಬು ಹಾಡುತ್ತವೆ. ಒಂದರ ಪಟ್ಟು ಶಿವ ಹೆಚ್ಚು, ಗಂಡು ಹೆಚ್ಚು. ಇನ್ನೊಂದರ ಪಟ್ಟು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು. ಎದುರಿನವರು ಪುರಾಣದ ಯಾವುದೋ ಮೂಲೆಯಿಂದ ಒಗಟು ಎಸೆದರೆ, ಪುರಾಣದಿಂದಲೇ ಉತ್ತರ ತೆಗೆದು ಕೊಡಬೇಕು. ಲೋರ್ ಗೊತ್ತಿಲ್ಲದವನು ಅಲ್ಲಿ ದಪ್ಪು ಕೆಳಗಿಡಬೇಕಾಗುತ್ತದೆ. ರಾಬರ್ಟ್ ಜೋರ್ಡಾನ್ 1990ರಲ್ಲಿ ಆರಂಭಿಸಿದ ‘ವ್ಹೀಲ್ ಆಫ್ ಟೈಮ್’ ಮಾಲಿಕೆಯಲ್ಲಿ ಜಗತ್ತನ್ನು ನಡೆಸುವ ಶಕ್ತಿಯೇ ಗಂಡಿನ ಪಾಲು, ಹೆಣ್ಣಿನ ಪಾಲು ಎಂದು ಎರಡಾಗಿದೆ. ಗಂಡಿನ ಪಾಲಿಗೆ ವಿಷ ಬೆರೆತಿದೆ, ಮುಟ್ಟಿದ ಗಂಡಸರಿಗೆ ಹುಚ್ಚು ಹಿಡಿಯುತ್ತದೆ. ಯಾವ ಪಾಲು ಮೇಲು ಎಂದು ಅದರ ಅಭಿಮಾನಿಗಳು ವಾದಿಸುವುದನ್ನು ಕೇಳಿದರೆ ನಾಗೇಶಿ ಹಾಡುವವರಿಗೆ ಅಪರಿಚಿತ ಅನ್ನಿಸಲಾರದು.

ಆದರೆ ‘ನಮ್ಮಲ್ಲಿಯೂ ಇತ್ತು’ ಎಂದು ಬೆನ್ನು ತಟ್ಟಿಕೊಂಡರೆ ಕೆಲಸ ಮುಗಿಯುವುದಿಲ್ಲ. ಈ ಪ್ರಶ್ನೆ ಕೇಳುವುದರಿಂದ ಕಾವ್ಯದಲ್ಲಿ ಬೇರೆ ದಾರಿಯಲ್ಲಿ ಕಾಣದ್ದು ಏನಾದರೂ ಕಾಣುತ್ತದೆಯೇ ಎಂಬುದು ನೋಡಬೇಕಾದದ್ದು.

ರನ್ನನ ‘ಗದಾಯುದ್ಧ’ದಿಂದ ಶುರುಮಾಡೋಣ. ಎಲ್ಲರನ್ನೂ ಕಳೆದುಕೊಂಡ ದುರ್ಯೋಧನ ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದ ತಳದಲ್ಲಿ ಅಡಗಿದ್ದಾನೆ. ದಡದಲ್ಲಿ ನಿಂತು ಭೀಮ ಗರ್ಜಿಸುತ್ತಾನೆ. ನೀರಿನ ಅಡಿಯಲ್ಲಿ ಕುಳಿತವನಿಗೆ ಮೈ ಬೆವರುತ್ತದೆ. ಈ ಜಾಗವನ್ನು ನಾವು ರನ್ನನ ಉಕ್ತಿಚಮತ್ಕಾರಕ್ಕಾಗಿ ಮೆಚ್ಚುತ್ತೇವೆ. ಫ್ಯಾಂಟಸಿ ಓದುವ ಹುಡುಗ ಕೇಳುವುದೇ ಬೇರೆ: ಮಂತ್ರ ಸೋತಿತೇ? ಇಲ್ಲ. ನೀರು ಅವನನ್ನು ಮುಳುಗಿಸಲಿಲ್ಲ, ಉಸಿರು ಕಟ್ಟಲಿಲ್ಲ. ಮಂತ್ರ ತಾನು ಮಾಡಬೇಕಾದ್ದನ್ನೆಲ್ಲ ಮಾಡಿತು. ನೀರನ್ನು ತಡೆಯುವ ಮಂತ್ರಕ್ಕೆ ಮೂದಲಿಕೆಯನ್ನು ತಡೆಯುವ ಶಕ್ತಿ ಇರಲಿಲ್ಲ, ಅಷ್ಟೆ. ದುರ್ಯೋಧನನನ್ನು ಹೊರಗೆ ತಂದದ್ದು ಅವನ ಛಲವೇ. ಮಂತ್ರದ ಎಲ್ಲೆ ಎಲ್ಲಿ ಮುಗಿಯಿತೋ ಮನುಷ್ಯ ಅಲ್ಲಿಂದ ಶುರುವಾದ. ಆ ಎಲ್ಲೆಯನ್ನು ಗುರುತಿಸಿದ ಮೇಲೆ ರನ್ನನ ಚಮತ್ಕಾರ ಬರಿಯ ಚಮತ್ಕಾರವಾಗಿ ಉಳಿಯುವುದಿಲ್ಲ.

ಇಂದ್ರ ಕರ್ಣನಿಗೆ ಕೊಟ್ಟ ಶಕ್ತ್ಯಾಯುಧದ ನಿಯಮ ಇನ್ನೂ ಬಿಗಿ. ಒಬ್ಬನೇ ಒಬ್ಬ ಶತ್ರುವನ್ನು ಕೊಲ್ಲಬಹುದು, ಆಮೇಲೆ ಅದು ಇಂದ್ರನಿಗೆ ವಾಪಸು. ಸ್ಯಾಂಡರ್ಸನ್ ಮೆಚ್ಚುವಂಥ ಕರಾರು ಇದು. ಕೃಷ್ಣನಿಗೆ ಈ ನಿಯಮ ಗೊತ್ತು. ಅದಕ್ಕೇ ರಾತ್ರಿಯುದ್ಧದಲ್ಲಿ ಘಟೋತ್ಕಚನನ್ನು ಮುಂದೆ ಬಿಡುತ್ತಾನೆ. ಆಯುಧ ಖರ್ಚಾಗುತ್ತದೆ, ಘಟೋತ್ಕಚ ಸಾಯುತ್ತಾನೆ. ಪಾಂಡವರು ಅಳುವಾಗ ಕೃಷ್ಣ ಹಿಗ್ಗುತ್ತಾನೆ. ನಿಯಮ ಗೊತ್ತಿಲ್ಲದ ಓದುಗನಿಗೆ ಆ ಹಿಗ್ಗು ಅರ್ಥವಾಗುವುದಿಲ್ಲ. ಗೊತ್ತಿರುವವನಿಗೆ ಅರ್ಥವಾಗುತ್ತದೆ, ಮತ್ತು ಕರುಳು ಹಿಂಡುತ್ತದೆ: ಅರ್ಜುನನ ಜೀವಕ್ಕೆ ಬದಲಾಗಿ ಕಾಡಿನ ಹಿಡಿಂಬೆಯ ಮಗನ ಜೀವವನ್ನು ಲೆಕ್ಕಕ್ಕೆ ಹಾಕಲಾಗಿದೆ. ಶಕ್ತಿ ಎಷ್ಟು ಖರ್ಚಾಯಿತು ಎಂಬ ಲೆಕ್ಕ, ಯಾರು ಖರ್ಚಾದರು ಎಂಬ ಲೆಕ್ಕವಾಗಿ ತಿರುಗುವುದು ಹೀಗೆ.

ಇನ್ನು ಆ ಬಾಣದ ಪ್ರಶ್ನೆ. ಖಾಂಡವದಹನದ ಸೇಡು ಹೊತ್ತ ಸರ್ಪ ಅಶ್ವಸೇನ ಕರ್ಣನ ಬಾಣದಲ್ಲಿ ಸೇರಿ ಬರುತ್ತಾನೆ. ಕೃಷ್ಣ ರಥವನ್ನು ನೆಲಕ್ಕೆ ಒತ್ತಿದ್ದರಿಂದ ಅರ್ಜುನನ ಕಿರೀಟ ಮಾತ್ರ ಹಾರುತ್ತದೆ. ಹಾವು ಮರಳಿ ಬಂದು ಇನ್ನೊಮ್ಮೆ ಪ್ರಯೋಗಿಸು ಎನ್ನುತ್ತದೆ. ಕರ್ಣ ಒಲ್ಲೆ ಎನ್ನುತ್ತಾನೆ. ಏಕೆ? ವ್ಯಾಸಭಾರತದಲ್ಲಿ ಅದು ಅವನ ವೀರಾಭಿಮಾನ. ಇನ್ನೊಬ್ಬರ ಬಲದಿಂದ ಗೆಲ್ಲಲಾರೆ, ಒಂದೇ ಬಾಣವನ್ನು ಎರಡು ಸಲ ತೊಡಲಾರೆ ಎಂಬ ಹಟ. ನಮ್ಮ ಆಟಗಳಲ್ಲಿ, ಜನರ ಬಾಯಲ್ಲಿ ಇರುವ ಕಥೆಯಲ್ಲಿ ಅದು ಕುಂತಿಗೆ ಕೊಟ್ಟ ಮಾತು. ನಿಯಮ ಒಂದೇ, ಅದು ಹುಟ್ಟಿದ ಜಾಗ ಎರಡು. ಮೊದಲನೆಯದರಲ್ಲಿ ಕರ್ಣ ಸಾಯುವುದು ತನ್ನ ಘನತೆಗಾಗಿ. ಎರಡನೆಯದರಲ್ಲಿ, ಹೆತ್ತು ಹೊಳೆಗೆ ಬಿಟ್ಟವಳು ಮತ್ತೊಮ್ಮೆ ಬಂದು ಕೇಳಿದ್ದಕ್ಕಾಗಿ. ಅಭಿಮಾನಿಗಳು ಇಂಥಲ್ಲಿ ಯಾವುದು ಅಧಿಕೃತ ಎಂದು ಕಾದಾಡುತ್ತಾರೆ. ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿ ಮಾಡಿದ ಪಂಪನನ್ನು ಓದಿದ ನಮಗೆ ಆ ಕಾದಾಟ ಬೇಕಿಲ್ಲ. ನಿಯಮದ ಮೂಲವನ್ನು ಬದಲಿಸಿದವರು ಏನನ್ನು ಕೇಳಿಸಲು ಬಯಸಿದರು ಎಂಬುದೇ ಮುಖ್ಯ.

ಈ ದಾರಿಯಲ್ಲಿ ಇನ್ನೊಂದು ಹೆಜ್ಜೆ ಹಾಕಿದರೆ ಪರಶುರಾಮನ ಆಶ್ರಮ ಸಿಗುತ್ತದೆ. ದ್ರೋಣ ಬ್ರಹ್ಮಾಸ್ತ್ರ ಕಲಿಸಲು ಒಪ್ಪದಿದ್ದಾಗ ಕರ್ಣ ಬ್ರಾಹ್ಮಣನೆಂದು ಸುಳ್ಳು ಹೇಳಿ ಪರಶುರಾಮನ ಬಳಿ ಕಲಿಯುತ್ತಾನೆ. ತೊಡೆಯನ್ನು ಹುಳು ಕೊರೆದರೂ ಗುರುವಿನ ನಿದ್ದೆ ಕೆಡದಂತೆ ಸಹಿಸಿದ್ದಕ್ಕೇ ಸಿಕ್ಕಿಬೀಳುತ್ತಾನೆ: ಇಷ್ಟು ನೋವು ಬ್ರಾಹ್ಮಣ ತಡೆಯಲಾರ. ಬೇಕಾದ ಹೊತ್ತಿಗೆ ಅಸ್ತ್ರ ನೆನಪಾಗದಿರಲಿ ಎಂದು ಶಾಪ. ಈಗ ಹುಡುಗರ ಪ್ರಶ್ನೆ ಕೇಳಿ: ಬ್ರಹ್ಮಾಸ್ತ್ರಕ್ಕೆ ಕುಲ ಗೊತ್ತೇ? ಗೊತ್ತಿಲ್ಲ. ಸೂತಪುತ್ರನ ಬಾಯಿಂದ ಬಂದ ಮಂತ್ರವನ್ನು ಅದು ನಿರಾಕರಿಸಿದ್ದು ಎಲ್ಲಿಯೂ ಇಲ್ಲ. ಶಾಪ ತಟ್ಟುವವರೆಗೆ ಅದು ಅವನ ವಶದಲ್ಲೇ ಇತ್ತು. ಏಕಲವ್ಯನಿಗೂ ಹಾಗೆಯೇ. ಮಣ್ಣಿನ ಗುರುವಿನ ಮುಂದೆ ಬಿಲ್ವಿದ್ಯೆ ಅವನಿಗೆ ಒಲಿಯಿತು. ತಡೆದದ್ದು ವಿದ್ಯೆಯಲ್ಲ, ಹೆಬ್ಬೆರಳು ಕೇಳಿದ ಗುರು.

ಶಾಪ ಫಲಿಸಿತಲ್ಲ, ಹಾಗಾದರೆ ಆ ಲೋಕದ ನಿಯಮವೂ ಗುರುವಿನ ಪರವೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಸವಾಲು. ಆದರೆ ಶಾಪ ಫಲಿಸುವುದು ತಪಸ್ವಿಯ ಮಾತಿಗೆ ಇರುವ ಬಲದಿಂದ. ಆ ಬಲ ಯಾರ ಮೇಲೆ ಬಿದ್ದರೂ ತಟ್ಟುತ್ತದೆ. ಅದನ್ನು ಯಾರ ಮೇಲೆ, ಯಾವ ಕಾರಣಕ್ಕೆ ಬಿಡಬೇಕು ಎಂದು ಆರಿಸಿದವನು ಪರಶುರಾಮ. ಮಾಯೆಯ ನಿಯಮ ಬೇರೆ, ಮಾಯೆಯನ್ನು ಕೈಯಲ್ಲಿಟ್ಟುಕೊಂಡವರ ನಿಯಮ ಬೇರೆ. ಪುರಾಣವನ್ನು ಭಕ್ತಿಯಿಂದ ಕೇಳಿದರೆ ಇವೆರಡೂ ಒಂದೇ ವಿಧಿಯಂತೆ ಕಾಣುತ್ತವೆ. ಎಲ್ಲವೂ ಸಂಕೇತ ಎಂದು ಓದಿದರೂ ಬೇರ್ಪಡುವುದಿಲ್ಲ. ನಟ್ಟು ಬೋಲ್ಟು ಎಣಿಸುವವನ ಒಣ ಪ್ರಶ್ನೆಯೇ ಇವನ್ನು ಬಿಡಿಸಿ ಇಡುತ್ತದೆ.

ಇದೇ ಪ್ರಶ್ನೆಯನ್ನು ತಿರುಗಿಸಿ ಆ ಕಾದಂಬರಿಗಳಿಗೂ ಕೇಳಬೇಕು. ‘ಮಿಸ್ಟ್‌ಬಾರ್ನ್’ನಲ್ಲಿ ಲೋಹ ಉರಿಸುವ ಶಕ್ತಿ ಕುಲೀನರ ರಕ್ತದಲ್ಲಿ ಹರಿಯುತ್ತದೆ. ಜೀತದ ಸ್ಕಾ ಜನರಲ್ಲಿ ಅದು ಕಂಡರೆ ರಕ್ತ ಬೆರೆತಿದೆ ಎಂದೇ ಅರ್ಥ. ಕಥೆ ದಬ್ಬಾಳಿಕೆಯ ವಿರುದ್ಧವೇ ಇದೆ, ಆದರೆ ಅದರ ಮಾಯೆಗೆ ಕುಲ ಗೊತ್ತಿದೆ. ಬ್ರಹ್ಮಾಸ್ತ್ರಕ್ಕೆ ಗೊತ್ತಿಲ್ಲದ್ದು ಅಲ್ಲಿನ ಲೋಹಕ್ಕೆ ಗೊತ್ತು! ಇದನ್ನು ನಿಯಮವೆಂದು ಒಪ್ಪಿ ಪಟ್ಟಿ ಮಾಡುವ ಅಭಿಮಾನಿ ಅರ್ಧ ಕೆಲಸ ಮಾತ್ರ ಮಾಡಿದ್ದಾನೆ. ಉರ್ಸುಲಾ ಲೆ ಗ್ವಿನ್ ಈ ಇನ್ನರ್ಧವನ್ನು ತಾವೇ ಮಾಡಿದರು. 1968ರ ‘ಎ ವಿಝರ್ಡ್ ಆಫ್ ಅರ್ತ್‌ಸೀ’ಯಲ್ಲಿ ರೋಕ್ ದ್ವೀಪದ ಮಾಂತ್ರಿಕರ ಶಾಲೆಗೆ ಹುಡುಗರಿಗಷ್ಟೇ ಪ್ರವೇಶ. 1990ರ ‘ಟೆಹಾನು’ವಿನಲ್ಲಿ ಅವರು ಆ ನಿಯಮವನ್ನು ಪ್ರಶ್ನೆಗೆ ಒಡ್ಡಿದರು. 2001ರಲ್ಲಿ ಬಂದ ಕಥೆಗಳಲ್ಲಿ ಆ ಶಾಲೆ ಕಟ್ಟಿದವರಲ್ಲಿ ಹೆಂಗಸರೂ ಇದ್ದರು ಎಂದು ತೋರಿಸಿದರು. ಬಾಗಿಲು ಹಾಕಿದ್ದು ಮಾಯೆಯಲ್ಲ, ಗಂಡಸರು. ಇದು ಅಪ್ಪಟ ನಾಗೇಶಿ ಜವಾಬು.

ಆದ್ದರಿಂದ ಫ್ಯಾಂಟಸಿ ಓದುವ ಮಕ್ಕಳಿಗೆ ‘ಅದೆಲ್ಲ ಬಿಟ್ಟು ಸಾಹಿತ್ಯ ಓದ್ರಿ’ ಎಂದು ಹೇಳುವ ಮೊದಲು ಅವರ ಕೈಗೆ ಕರ್ಣಪರ್ವ ಕೊಟ್ಟು ನೋಡಬಹುದು. ಅವರು ಕೇಳುವ ಪ್ರಶ್ನೆಗಳು ನಮಗೆ ಒರಟಾಗಿ ಕೇಳಿಸಿಯಾವು: ಈ ಅಸ್ತ್ರ ಎಷ್ಟು ಸಲ, ಯಾರಿಗೆ, ಯಾಕೆ ಇವನಿಗಿಲ್ಲ? ಆ ಕೊನೆಯದಕ್ಕೆ ಉತ್ತರ ಕೊಡುವ ಹೊಣೆ ಕಥೆ ಹೇಳುವವರ ಮೇಲಿದೆ.