ಪಾರಿಜಾತದ ಪಟ್ಟಿ, ಟೋಕನ್ನಿನ ಕರಾರು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಶ್ರೀಕೃಷ್ಣ ಪಾರಿಜಾತ ಎಂಬ ಜನಪದ ಆಟ ಆಡಿಸಬೇಕೆಂದರೆ ಊರವರು ಚಂದಾ ಪಟ್ಟಿ ಎತ್ತುತ್ತಾರೆ. ಮೇಳವೊಂದು ಅದರ ಬದಲು ಬ್ಲಾಕ್‌ಚೈನ್ ಟೋಕನ್ ಹೊರಡಿಸಿದರೆ ಕರಾರು ಹೇಗಿದ್ದೀತು? ನಾಲ್ಕು ಸಾಲು ನಾನೇ ಬರೆದು ನೋಡಿದ್ದೇನೆ.

‘ಕೊಟ್ಟವರ ಹೆಸರು, ಕೊಟ್ಟ ಹಣ ಅಳಿಸಲಾಗದಂತೆ ದಾಖಲಾಗುತ್ತದೆ.’

ಆಟದ ನಡುವೆ ಆಯೇರಿ ಮಾಡಿದವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಬೆಳಗಾಗುವಷ್ಟರಲ್ಲಿ ಅದು ಮರೆತುಹೋಗುತ್ತದೆ. ಬ್ಲಾಕ್‌ಚೈನ್ ಎಂದರೆ ಒಂದೇ ಕಿರ್ದಿಯ ಪ್ರತಿಗಳು ಸಾವಿರಾರು ಕಂಪ್ಯೂಟರುಗಳಲ್ಲಿರುವುದು. ಒಬ್ಬ ತನ್ನಲ್ಲಿರುವುದನ್ನು ತಿದ್ದಿದರೆ ಉಳಿದವು ಒಪ್ಪುವುದಿಲ್ಲ. ಕೊಟ್ಟವರ ಹೆಸರು ಉಳಿಸುವುದು ಹೊಸದೇನಲ್ಲ: ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ಕವಿ ರನ್ನನಿಗೆ ಅತ್ತಿಮಬ್ಬೆ ಆಶ್ರಯ ಕೊಟ್ಟಳು, 993ರ ‘ಅಜಿತಪುರಾಣ’ದಲ್ಲಿ ಅವಳ ಹೆಸರು ಉಳಿಯಿತು. ಬನಹಟ್ಟಿಯ ನೇಕಾರ ಕೊಟ್ಟ ನೂರು ರೂಪಾಯಿಗೆ ಅಂಥ ಕಾವ್ಯ ಸಿಗುವುದಿಲ್ಲ. ಆ ಕಿರ್ದಿಯಲ್ಲಿನ ಒಂದು ನಮೂದಾದ ಟೋಕನ್ ಅವನನ್ನೂ ನೆನಪಿಡುತ್ತದೆ. ಆದರೆ ಅಲ್ಲಿ ಕಾಣುವುದು ಹೆಸರಲ್ಲ, ಅಂಕಿ-ಅಕ್ಷರಗಳ ಒಂದು ವಿಳಾಸ. ಒಮ್ಮೆ ಹೆಸರು ಜೋಡಿಸಿದರೆ ಅಳಿಸಲು ಬಾರದು. ಕೊಟ್ಟವನನ್ನು ಕೇಳಿಯೇ ಜೋಡಿಸಬೇಕು.

‘ಗೊತ್ತುಮಾಡಿದ ಮೊತ್ತ ಕೂಡದಿದ್ದರೆ ಹಣ ತಾನಾಗಿ ವಾಪಸು.’

ನನ್ನ ಮಟ್ಟಿಗೆ ಇದೇ ಕರಾರಿನ ಜೀವಾಳ. ಹಣ ಯಾರ ಕಿಸೆಯಲ್ಲೂ ಇರದೆ ಸ್ಮಾರ್ಟ್ ಕಾಂಟ್ರಾಕ್ಟ್ ಎಂಬ ಪ್ರೋಗ್ರಾಮಿನ ವಶದಲ್ಲಿರುತ್ತದೆ. ತಾಲೀಮು ಶುರುವಾದಾಗ ಅರ್ಧ, ಆಟ ಮುಗಿದ ಮೇಲೆ ಉಳಿದರ್ಧ ಎಂದೂ ಬರೆಯಬಹುದು. ಆದರೆ ಆಟ ನಡೆಯಿತೋ ಇಲ್ಲವೋ ಪ್ರೋಗ್ರಾಮಿಗೆ ಹೇಗೆ ತಿಳಿಯಬೇಕು? ಊರಿನ ಐವರು ಹಿರಿಯರಲ್ಲಿ ಮೂವರಾದರೂ ಸಹಿ ಹಾಕಿದರೆ ಮಾತ್ರ ಹಣ ಬಿಡುಗಡೆ ಎಂದು ಕಟ್ಟಬೇಕಾಗುತ್ತದೆ. ಅಲ್ಲಿಗೆ ಮತ್ತೆ ಹಿರಿಯರ ಮಾತಿಗೇ ಬಂದೆವು; ಅದು ಕೊರತೆಯಲ್ಲ. ನಿಜವಾದ ತೊಡಕು ಬೇರೆ: ಯುಪಿಐನಲ್ಲಿ ಕೊಟ್ಟ ರೂಪಾಯಿ ಬ್ಲಾಕ್‌ಚೈನಿಗೆ ನೇರವಾಗಿ ಹೋಗದು, ಮೊದಲು ಕ್ರಿಪ್ಟೊ ಆಗಬೇಕು.

‘ಟೋಕನ್ ಕೊಂಡವರಿಗೆ ಗಳಿಕೆಯಲ್ಲಿ ಪಾಲು.’

ಈ ಸಾಲನ್ನು ಹೊಡೆದುಹಾಕಿ. ಜನರಿಂದ ಹಣ ಕೂಡಿಸಲು ಟೋಕನ್ನೇ ಬೇಕೆಂದಿಲ್ಲ: ಪವನ್ ಕುಮಾರ್ ಅವರ ಸಿನಿಮಾ ‘ಲೂಸಿಯಾ’ (2013) ನೂರಕ್ಕೂ ಹೆಚ್ಚು ಜನ ಹಾಕಿದ ಸುಮಾರು 50 ಲಕ್ಷದಲ್ಲಿ ತಯಾರಾಯಿತು. ಸಿನಿಮಾದ ಮೇಲಿನ ನಂಬಿಕೆಯೇ ಸಾಕಾಯಿತು. ಗಳಿಕೆಯ ಆಸೆ ತೋರಿಸಿ ಸಾರ್ವಜನಿಕರ ಹಣ ಎತ್ತಿದರೆ ಷೇರುಪೇಟೆಯ ನಿಯಂತ್ರಕ ಸೆಬಿ ಲೆಕ್ಕ ಕೇಳಬಹುದು. 2022ರಿಂದ ಟೋಕನ್, ಕ್ರಿಪ್ಟೊದಂಥ ಡಿಜಿಟಲ್ ಆಸ್ತಿಯ ಲಾಭಕ್ಕೆ ಶೇ. 30 ತೆರಿಗೆ ಇದೆ. ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯುವಂತಿಲ್ಲ. ಮಗ್ಗದ ದುಡಿಮೆಯನ್ನು ಈ ಏರಿಳಿತಕ್ಕೆ ಒಡ್ಡುವುದು ಅನ್ಯಾಯ.

‘ಟೋಕನ್ ಮರುಮಾರಾಟವಾದಾಗಲೆಲ್ಲ ಕಲಾವಿದರಿಗೆ ಶೇ. 10.’

ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ ‘ಕಿಸ್ಮತ್’ (1943) ಸಿನಿಮಾಕ್ಕೆ ಹಾಡಿದಾಗ ಗಾಯಕರಿಗೆ ರಾಯಲ್ಟಿಯ ಹಕ್ಕೇ ಇರಲಿಲ್ಲ, ಕಾನೂನು ಅದನ್ನು ಕೊಟ್ಟಿದ್ದು 2012ರ ತಿದ್ದುಪಡಿಯಲ್ಲಿ. ಆದ್ದರಿಂದ ಈ ಸಾಲಿನ ಆಸೆ ದೊಡ್ಡದು. ಆದರೆ ಟೋಕನ್ ಮಾರುವ ಪೇಟೆ ಒಪ್ಪದಿದ್ದರೆ ಅದು ನಡೆಯದು. ದೊಡ್ಡ ಪೇಟೆಯಾದ ಓಪನ್‌ಸೀ 2023ರಲ್ಲಿ ರಾಯಲ್ಟಿಯನ್ನು ಐಚ್ಛಿಕ ಮಾಡಿತು.

ಮೇಳದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೆ. ಮೊದಲೆರಡು ಸಾಲನ್ನು ಇಟ್ಟುಕೊಳ್ಳಿ, ನಾಲ್ಕನೆಯದಕ್ಕೆ ಭರವಸೆ ಕೊಡಬೇಡಿ. ಮೊಬೈಲ್ ಇಲ್ಲದವರು ಕೈಯಲ್ಲಿ ಕೊಡುವ ನೋಟನ್ನೂ ಅದೇ ಕಿರ್ದಿಯಲ್ಲಿ ಬರೆದುಕೊಳ್ಳಿ.