ಮೌನಿಯಾದ ನಾಯಕನೂ ಮಾತುಗಾರನಾದ ನಾಯಕನೂ

ಕಥೆಯನ್ನು ಕೇಳುವವನು ಬೇರೆ, ಕಥೆಯೊಳಗೆ ನಡೆಯುವವನು ಬೇರೆ ಎಂಬುದು ಕಾವ್ಯವಿಚಾರದ ಮೊದಲ ಪಾಠ. ರಾಮನು ಕಾಡಿಗೆ ಹೊರಟಾಗ ವಾಚಕನು ಕಣ್ಣೀರು ಸುರಿಸಬಲ್ಲನೇ ಹೊರತು ಅವನನ್ನು ತಡೆಯಲಾರನು. ಆದರೆ ನಾಯಕನ ನಡೆಯನ್ನು ಕೇಳುವವನ ಕೈಗೇ ಒಪ್ಪಿಸುವ ಕಥನಪ್ರಕಾರವೊಂದು ಕಳೆದ ಶತಮಾನದ ಕೊನೆಯ ಭಾಗದಲ್ಲಿ ಬೆಳೆದು ನಿಂತಿತು. ವಿಡಿಯೋ ಆಟವೆಂಬ ಹೆಸರನ್ನು ಕೇಳಿದೊಡನೆಯೇ ಅದನ್ನು ಹುಡುಗರ ಕಾಲಹರಣವೆಂದು ತಳ್ಳಿಬಿಡುವವರು ಬಹುಮಂದಿ ಉಂಟು. ಆದರೂ ಜಪಾನಿನಲ್ಲಿ ೩೫ ವರ್ಷಗಳಿಗೂ ಮೇಲ್ಪಟ್ಟು ಬೆಳೆದುಬಂದಿರುವ ‘ಡ್ರ್ಯಾಗನ್ ಕ್ವೆಸ್ಟ್’, ‘ಫೈನಲ್ ಫ್ಯಾಂಟಸಿ’ ಎಂಬೆರಡು ಮಾಲೆಗಳ ಕಥಾಸಂವಿಧಾನವನ್ನು ಹೋಲಿಸಿ ನೋಡಿದರೆ, ಹೇಳುವವನ ಅಧಿಕಾರವೆಷ್ಟು, ನಡೆಸುವವನ ಸ್ವಾತಂತ್ರ್ಯವೆಷ್ಟು ಎಂಬ ಗಂಭೀರವಾದ ಪ್ರಶ್ನೆಯೇ ಅಲ್ಲಿ ಎದುರಾಗುವುದು.

‘ಡ್ರ್ಯಾಗನ್ ಕ್ವೆಸ್ಟ್’ ಮಾಲೆಯ ಮೊದಲ ಕೃತಿಯನ್ನು ಎನಿಕ್ಸ್ ಸಂಸ್ಥೆಯು ೧೯೮೬ರಲ್ಲಿ ಪ್ರಕಟಿಸಿತು. ಕಥೆ ಯೂಜಿ ಹೊರಿಯಿಯದು, ಚಿತ್ರಗಳು ಅಕಿರಾ ತೊರಿಯಾಮನವು, ಸಂಗೀತ ಕೊಯಿಚಿ ಸುಗಿಯಾಮನದು. ಮರುವರ್ಷವೇ, ೧೯೮೭ರಲ್ಲಿ, ಸ್ಕ್ವೇರ್ ಸಂಸ್ಥೆಯಿಂದ ಹಿರೊನೊಬು ಸಕಾಗುಚಿಯ ‘ಫೈನಲ್ ಫ್ಯಾಂಟಸಿ’ ಹೊರಬಂದಿತು. ಬಹುಕಾಲ ಪ್ರತಿಸ್ಪರ್ಧಿಗಳಾಗಿದ್ದ ಈ ಎರಡು ಸಂಸ್ಥೆಗಳು ೨೦೦೩ರಲ್ಲಿ ಒಂದಾದುವು. ಮನೆ ಒಂದಾದರೂ ಮಾಲೆಗಳ ಮನೋಧರ್ಮ ಮಾತ್ರ ಒಂದಾಗಲಿಲ್ಲ.

‘ಡ್ರ್ಯಾಗನ್ ಕ್ವೆಸ್ಟ್’ನ ನಾಯಕನು ಮೌನಿ. ಆಟಗಾರನು ಇಟ್ಟ ಹೆಸರೇ ಅವನ ಹೆಸರು. ಎದುರಿನವರು ಕೇಳಿದ್ದಕ್ಕೆ ಹೌದು ಅಥವಾ ಅಲ್ಲ ಎಂದು ಉತ್ತರಿಸುವುದಷ್ಟೇ ಅವನ ವಾಗ್ವೈಭವ. ಇದು ಕವಿಯ ಬಡತನವಲ್ಲ, ಉದ್ದೇಶಪೂರ್ವಕವಾದ ಉಪಾಯ. ನಾಯಕನ ಭಾವವು ಅವನೊಬ್ಬನದಾಗಿ ಉಳಿಯದೆ ಸಹೃದಯರೆಲ್ಲರ ಸೊತ್ತಾಗುವುದನ್ನು ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದನಷ್ಟೆ. ಇಲ್ಲಿ ನಾಯಕನ ಸ್ಥಾನವನ್ನು ಬರಿದಾಗಿ ಬಿಟ್ಟು, ಆಡುವವನೇ ಅದನ್ನು ತುಂಬಿಕೊಳ್ಳುವಂತೆ ಮಾಡಿರುವುದು. ಕಥೆಯೂ ಅದಕ್ಕೆ ತಕ್ಕಂತೆ ಊರಿಂದ ಊರಿಗೆ ಸಾಗುವುದು. ಒಂದೊಂದು ಊರಿಗೂ ತನ್ನದೇ ಆದ ಒಂದು ಚಿಕ್ಕ ವ್ಯಥೆ, ಒಂದು ಚಿಕ್ಕ ಪರಿಹಾರ. ಆಲಂಕಾರಿಕರು ಪ್ರಕರಿಯೆಂದು ಕರೆಯುವ ಇಂತಹ ಕಿರುಕಥೆಗಳೇ ೨೦೦೦ದಲ್ಲಿ ಬಂದ ಏಳನೆಯ ಕೃತಿಯ ಮೈಯೆಲ್ಲವೂ ಆಗಿವೆ.

ಹಾಗೆಂದು ಕಟ್ಟಡದ ಬಿಗಿ ಅಲ್ಲಿ ಇಲ್ಲವೆನ್ನಲಾಗದು. ೧೯೮೮ರ ಮೂರನೆಯ ಕೃತಿಯಲ್ಲಿ ನಾಯಕನು ತನ್ನ ಲೋಕದ ಶತ್ರುವನ್ನು ಗೆದ್ದ ಮೇಲೆ ಕೆಳಗಿನ ಇನ್ನೊಂದು ಲೋಕಕ್ಕೆ ಇಳಿಯುತ್ತಾನೆ. ಅದು ಮೊದಲನೆಯ ಕೃತಿಯ ನಾಡೇ. ಅಲ್ಲಿಯ ಕತ್ತಲೆಯನ್ನು ಕಳೆದವನಿಗೆ ದೊರೆಯುವ ಬಿರುದು, ಮೊದಲ ಕೃತಿಯ ನಾಯಕನಿಗೆ ಮೂಲಪುರುಷನಾದ ಲೋತೋ ಎಂಬ ವೀರನದು. ಮೂರನೆಯದೆಂದು ಆಡಿದ್ದೇ ಕಾಲಕ್ರಮದಲ್ಲಿ ಮೊದಲನೆಯದೆಂದು ಕೊನೆಯಲ್ಲಿ ತಿಳಿಯುವುದು. ಪುರಾಣಪುರುಷನ ಹೆಸರನ್ನು ಕೇಳುತ್ತ ಬಂದವನಿಗೆ ತಾನೇ ಆ ಪುರುಷನಾದೆನೆಂಬ ಅರಿವು ಮೂಡುವ ಈ ಚಮತ್ಕಾರವು, ನಾಯಕನು ಮೌನಿಯಾಗಿರದಿದ್ದರೆ ಇಷ್ಟು ಫಲಿಸುತ್ತಿರಲಿಲ್ಲ.

‘ಫೈನಲ್ ಫ್ಯಾಂಟಸಿ’ಯ ದಾರಿ ಬೇರೆ. ಅಲ್ಲಿ ಸಾಮಾನ್ಯವಾಗಿ ಒಂದೊಂದು ಕೃತಿಗೂ ಹೊಸ ಲೋಕ, ಹೊಸ ಜನ. ಚೊಕೊಬೊ ಎಂಬ ಸವಾರಿಯ ಹಕ್ಕಿ, ಸಿಡ್ ಎಂಬ ಹೆಸರು, ಸ್ಫಟಿಕಗಳು, ಇಂತಹ ಕೆಲವು ಗುರುತುಗಳು ಮಾತ್ರ ಮರಳಿ ಬರುವುವು. ಅದರ ನಾಯಕನಿಗೆ ಹೆಸರುಂಟು, ಪೂರ್ವವೃತ್ತಾಂತವುಂಟು, ಅಳಲುಂಟು, ಮಾತುಂಟು. ೧೯೯೧ರ ನಾಲ್ಕನೆಯ ಕೃತಿಯ ಸೆಸಿಲ್ ಎಂಬ ಕರಿಯ ಯೋಧನು ತನ್ನ ಪಾಪಕ್ಕೆ ಪಶ್ಚಾತ್ತಾಪಪಟ್ಟು ಧರ್ಮಯೋಧನಾಗುವನು. ಆ ಪರಿವರ್ತನೆ ಅವನದೇ, ಆಟಗಾರನದಲ್ಲ. ೨೦೦೧ರ ಹತ್ತನೆಯ ಕೃತಿಯಂತೂ ಪಾಳುಬಿದ್ದ ನಗರದ ಬಳಿ ಬೆಂಕಿಯ ಸುತ್ತ ಕುಳಿತ ನಾಯಕನು ತನ್ನ ಕಥೆಯನ್ನು ಕೇಳಿರೆಂದು ಹೇಳುವಲ್ಲಿ ತೊಡಗಿ, ನಡೆದುಹೋದುದನ್ನು ಬಹುದೂರ ನಿರೂಪಿಸಿ, ಮತ್ತೆ ಆ ಬೆಂಕಿಯ ಬಳಿಗೇ ಬಂದು ಸೇರುವುದು. ಕಥೆಯೊಳಗೆ ಕಥೆಯನ್ನಿಟ್ಟ ಬಾಣನ ಕಾದಂಬರಿಯನ್ನು ಬಲ್ಲವರಿಗೆ ಈ ಕ್ರಮವು ಅಪರಿಚಿತವೆನಿಸದು.

ಈ ಮಾಲೆಯ ಅತ್ಯಂತ ಧೀರವಾದ ಪ್ರಯೋಗವು ೧೯೯೭ರ ಏಳನೆಯ ಕೃತಿಯಲ್ಲಿದೆ. ನಾಯಕ ಕ್ಲೌಡ್ ತನ್ನ ಐದು ವರ್ಷಗಳ ಹಿಂದಿನ ವೃತ್ತಾಂತವನ್ನು ಸಂಗಡಿಗರಿಗೆ ಹೇಳುವಾಗ ಆಟಗಾರನು ಆ ಭಾಗವನ್ನು ತನ್ನ ಕೈಯಿಂದಲೇ ನಡೆಸುವನು. ಬಹಳ ಮುಂದೆ ಹೋದ ಮೇಲೆ, ಅಲ್ಲಿ ಮೇಲ್ದರ್ಜೆಯ ಯೋಧನಾಗಿದ್ದವನು ಬೇರೊಬ್ಬನೆಂದೂ ಕ್ಲೌಡನು ಬರಿಯ ಕಾಲಾಳಾಗಿದ್ದನೆಂದೂ ತಿಳಿದುಬರುವುದು. ಓದಿದ ಸುಳ್ಳು ಬೇರೆ, ಸ್ವಂತ ಕೈಯಿಂದ ನಡೆಸಿದ ಸುಳ್ಳು ಬೇರೆ. ನಾಯಕನು ತನ್ನಿಂದ ಬೇರೆಯಾದ ಒಬ್ಬ ಮನುಷ್ಯನೆಂಬುದನ್ನು ಆಟಗಾರನು ಆ ಕ್ಷಣದಲ್ಲಿ ಅರಿಯುವನು. ಹಾಗೆಯೇ ಏರಿತ್ ಎಂಬವಳ ಮರಣ. ಅವಳನ್ನು ಯುದ್ಧಯುದ್ಧದಲ್ಲಿಯೂ ಕಾಪಾಡಿ ಬೆಳೆಸಿದವನಿಗೆ ಅವಳ ಸ್ಥಾನವು ಬರಿದಾಗಿ ಕಂಡಾಗ, ಶೋಕವು ಕಣ್ಣಿಗಿಂತ ಮೊದಲು ಕೈಗೆ ತಟ್ಟುವುದು.

ಎರಡು ದಾರಿಗಳಿಗೂ ದೋಷಗಳಿಲ್ಲದಿಲ್ಲ. ‘ಡ್ರ್ಯಾಗನ್ ಕ್ವೆಸ್ಟ್’ನಲ್ಲಿ ಪ್ರಶ್ನೆ ಕೇಳಿಯೂ ಉತ್ತರವನ್ನು ಲೆಕ್ಕಿಸದಿರುವುದು ವಾಡಿಕೆ. ಮೊದಲ ಕೃತಿಯ ರಾಜಕುಮಾರಿ, ಅಲ್ಲವೆಂದವನನ್ನು ಹೌದೆನ್ನುವವರೆಗೂ ಕೇಳುತ್ತಲೇ ಇರುವಳು. ಆದರೆ ಅದೇ ಕೃತಿಯ ಕೊನೆಯಲ್ಲಿ ನಾಗರಾಜನು ಲೋಕದಲ್ಲಿ ಅರ್ಧವನ್ನು ಕೊಡುವೆನೆಂದು ಆಸೆ ತೋರಿಸಿದಾಗ ಒಪ್ಪಿದವನ ಕಥೆ ಅಲ್ಲಿಗೇ ಮುಗಿದುಹೋಗುವುದು. ಮೊದಲನೆಯದು ಸ್ವಾತಂತ್ರ್ಯದ ಅಣಕ, ಎರಡನೆಯದು ನಿಜವಾದ ಸ್ವಾತಂತ್ರ್ಯ. ‘ಫೈನಲ್ ಫ್ಯಾಂಟಸಿ’ಯ ದೋಷವು ಇದಕ್ಕೆ ವಿರುದ್ಧವಾದುದು. ನಾಯಕನ ಮಾತು ಹೆಚ್ಚಿದಂತೆಲ್ಲ ಆಟಗಾರನ ಕೈ ಸುಮ್ಮನಾಗುವುದು. ದೀರ್ಘವಾದ ದೃಶ್ಯಗಳ ಮುಂದೆ ಅವನು ಮತ್ತೆ ಬರಿಯ ಪ್ರೇಕ್ಷಕನಾಗಿ ಕುಳಿತುಬಿಡುವನು.

ಆದುದರಿಂದ ಒಂದೊಂದು ಮಾಲೆಯೂ ಇನ್ನೊಂದರ ಗುಣವನ್ನು ಕಡ ಪಡೆದಲ್ಲಿಯೇ ಅದರ ಉತ್ತಮಾಂಶ ಕಾಣುವುದು ಸಹಜ. ೧೯೯೪ರ ಆರನೆಯ ‘ಫೈನಲ್ ಫ್ಯಾಂಟಸಿ’ಯಲ್ಲಿ ಕಥೆಯ ನಡುವೆಯೇ ಲೋಕವು ಹಾಳಾಗುವುದು. ಒಂದು ವರ್ಷದ ತರುವಾಯ ದ್ವೀಪವೊಂದರಲ್ಲಿ ಎಚ್ಚರಗೊಂಡ ಸೆಲೆಸಳು, ಕಾಯಿಲೆ ಬಿದ್ದ ಮುದುಕ ಸಿಡ್‌ನಿಗೆ ಮೀನು ಹಿಡಿದು ಉಣಿಸಬೇಕು. ಒಳ್ಳೆಯ ಮೀನನ್ನು ಆರಿಸಿ ತಂದರೆ ಅವನು ಬದುಕುವನು, ಇಲ್ಲವಾದರೆ ಸಾಯುವನು. ಆ ಮೇಲೆ ಚದುರಿಹೋದ ಸಂಗಡಿಗರಲ್ಲಿ ಬಹುಮಂದಿಯನ್ನು ಹುಡುಕುವುದೂ ಬಿಡುವುದೂ ಆಟಗಾರನ ಇಚ್ಛೆ. ಲೋಕವೇ ಹಾಳಾದಾಗ ಕರ್ತವ್ಯವು ವಿಧಿಯಾಗಿರದೆ ಸ್ವಸಂಕಲ್ಪವಾಗುವುದನ್ನು ಕಥೆಯ ರಚನೆಯೇ ನುಡಿಯುತ್ತದೆ.

೧೯೯೨ರ ಐದನೆಯ ‘ಡ್ರ್ಯಾಗನ್ ಕ್ವೆಸ್ಟ್’ ಇದಕ್ಕೆ ಸರಿಜೋಡಿ. ಬಾಲಕನ ಕಣ್ಣ ಮುಂದೆಯೇ ತಂದೆಯು, ಮಗನು ಶತ್ರುವಿನ ಕೈಯಲ್ಲಿರುವುದರಿಂದ ಕತ್ತಿಯೆತ್ತದೆ, ಹತನಾಗುವನು. ಮಗನು ೧೦ ವರ್ಷ ಗುಲಾಮನಾಗಿದ್ದು, ಬಿಡುಗಡೆ ಹೊಂದಿ, ಮದುವೆಯಾಗಿ, ಕಲ್ಲಾಗಿ ೮ ವರ್ಷ ನಿಂತು, ಕೊನೆಗೆ ತನ್ನ ಮಕ್ಕಳಿಂದಲೇ ಉದ್ಧಾರವಾಗುವನು. ವಧುವಿನ ಆಯ್ಕೆ ಆಟಗಾರನದೇ. ಇಷ್ಟಾದರೂ ದೈವದತ್ತವಾದ ಖಡ್ಗವನ್ನು ಹಿಡಿಯಬಲ್ಲ ವೀರನು ಅವನಲ್ಲ, ಅವನ ಮಗ. ಯಾವ ವೀರನನ್ನು ತಂದೆಯು ಹುಡುಕುತ್ತ ಸತ್ತನೋ, ತಾನೂ ಹುಡುಕುತ್ತ ಬಂದನೋ, ಅವನಿಗೆ ತಂದೆಯಾಗುವುದೇ ಈ ನಾಯಕನ ಪಾಲಿಗೆ ಬಂದುದು. ಮಾತೇ ಆಡದ ಒಬ್ಬ ಮನುಷ್ಯನ ಬಾಳು ಮೂರು ತಲೆಮಾರುಗಳ ನಡುವೆ ಸೇತುವೆಯಾಗಿ ನಿಲ್ಲುವ ಈ ಚಿತ್ರವು ವಂಶಕಾವ್ಯದ ಘನತೆಗೆ ಕಡಿಮೆಯಾದುದಲ್ಲ.

ಮೌನಿಯಾದ ನಾಯಕನು ಆಟಗಾರನನ್ನು ಕಥೆಯೊಳಕ್ಕೆ ಕರೆಯುವನು. ಮಾತುಗಾರನಾದ ನಾಯಕನು ಪರರ ದುಃಖವನ್ನು ಪರರದೆಂದೇ ಗೌರವಿಸುವುದನ್ನು ಕಲಿಸುವನು. ಇವೆರಡೂ ರಸಶಿಕ್ಷಣದ ಅಂಗಗಳೇ. ತಾನೇ ನಾಯಕನೆಂಬ ಭ್ರಾಂತಿಯೊಂದನ್ನೇ ಬಲಿಸಿದ ಕಲೆ ಅಹಂಕಾರಕ್ಕೆ ದಾರಿ. ಸುಮ್ಮನೆ ಕುಳಿತು ನೋಡುವುದನ್ನೇ ಬಲಿಸಿದ ಕಲೆ ಆಲಸ್ಯಕ್ಕೆ ದಾರಿ. ಮನೆಯ ಮಕ್ಕಳು ದಿನವೂ ಗಂಟೆಗಟ್ಟಲೆ ಕಳೆಯುವ ಈ ಲೋಕವನ್ನು ಹಿರಿಯರು ಗದರಿ ದೂರವಿಡುವುದಕ್ಕಿಂತ, ಅಲ್ಲಿ ನಡೆಸಿದವನು ಯಾರು, ನಡೆದವನು ಯಾರು ಎಂದು ಮಕ್ಕಳನ್ನು ಕೇಳುವುದು ಮೇಲು. ಆ ಪ್ರಶ್ನೆಗೆ ಉತ್ತರ ಹುಡುಕುವ ಹುಡುಗನು ಕಾವ್ಯವಿಚಾರದ ಬಾಗಿಲಲ್ಲಿ ಆಗಲೇ ಕಾಲಿಟ್ಟಿರುವನು.